ದೋಣಿಗೆ ಬೆಂಕಿ ತೋರಿಸುವ ಜಾಗ

ನಮ್ಮ ಹಾಂಗ್ ಕಾಂಗಿನ ಕಡಲ ದಡಕ್ಕೆ ಇಬ್ಬರು ಯಜಮಾನರು. ಒಬ್ಬ ಸೈನ್ಯದವನು, ಇನ್ನೊಬ್ಬ ಸರ್ಕಾರದವನು. ಇಬ್ಬರೂ ಉಣ್ಣುವುದು ಒಂದೇ ಇಂಗ್ಲಿಷ್ ರಾಣಿಯ ಅನ್ನ. ಇಬ್ಬರ ಅಂಗಿಯ ಗುಂಡಿಗಳ ಮೇಲೂ ಅದೇ ಕಿರೀಟ. ಆದರೆ ಒಬ್ಬನ ಮುಖ ಕಂಡರೆ ಇನ್ನೊಬ್ಬನಿಗೆ ಆಗದು. ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ಕೊಡಲಿ ಹಿಡಿಯುತ್ತಾರಲ್ಲ, ಹಾಗೆ. ಇವರು ಕೊಡಲಿ ಹಿಡಿಯುವುದಿಲ್ಲ, ಅಳತೆಯ ಸರಪಳಿ ಹಿಡಿಯುತ್ತಾರೆ, ಅಷ್ಟೇ ವ್ಯತ್ಯಾಸ.

ಸರ್ಕಾರದವನಿಗೆ ದಡದ ಉದ್ದಕ್ಕೂ ಕಲ್ಲಿನ ಗೋಡೆ ಬೇಕು. ಗೋಡೆಯ ಹಿಂದೆ ಕಡಲಿಗೆ ಮಣ್ಣು ತುಂಬಬೇಕು, ರಸ್ತೆ ಮಾಡಬೇಕು, ರಸ್ತೆಯ ಪಕ್ಕ ವ್ಯಾಪಾರಿ ದೊರೆಗಳ ಗೋದಾಮು ಏಳಬೇಕು. ಪಶ್ಚಿಮದಿಂದ ಗೋಡೆ ಕಟ್ಟುತ್ತಾ ಕಟ್ಟುತ್ತಾ ಬಂದ. ಬಂದು ಸೈನ್ಯದ ಬ್ಯಾರಕ್ಕಿನ ಮೂಲೆಗೆ ತಗುಲಿಕೊಂಡ. ಸೈನ್ಯದವನು ಎದ್ದು ನಿಂತ. "ನಮ್ಮ ಮುಂದೆ ಗೋಡೆ ಬೇಡ, ತೋಪಿಗೆ ಕಡಲು ಕಾಣಬೇಕು" ಎಂದ. ನಾನು ಹುಟ್ಟಿದಾಗಿನಿಂದ ಆ ತೋಪು ಯಾವ ಶತ್ರುವನ್ನೂ ಕಂಡಿಲ್ಲ. ಅದರ ನಳಿಗೆಯ ಮೇಲೆ ಸಿಪಾಯಿಗಳು ಒಳಚಡ್ಡಿ ಒಣಹಾಕುವುದನ್ನು ಮಾತ್ರ ನಾವೆಲ್ಲ ಕಂಡಿದ್ದೇವೆ.

ಹೀಗೆ ಸರ್ಕಾರದ ಗೋಡೆ ಆ ಕಡೆ ನಿಂತಿತು, ಸೈನ್ಯದ ಬ್ಯಾರಕ್ಕಿನ ಗೋಡೆ ಈ ಕಡೆ ನಿಂತಿತು. ನಡುವೆ ಒಂದು ಚೂರು ಮರಳು ಉಳಿಯಿತು. ಅದರ ಹಿಂದೆ ಬ್ಯಾರಕ್ಕಿನ ಎತ್ತರದ ಕಾಂಪೌಂಡು, ಮುಂದೆ ಕಡಲು. ಉಬ್ಬರದಲ್ಲಿ ನೀರು ಮುಟ್ಟುವುದೆಲ್ಲ ತನ್ನದು ಎಂದು ಸರ್ಕಾರ ಹೇಳಿತು. ಇಳಿತದಲ್ಲಿ ಒಣಗುವುದೆಲ್ಲ ತನ್ನದು ಎಂದು ಸೈನ್ಯ ಹೇಳಿತು. ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ಒಣಗುವುದು ಅದೇ ಮರಳು ತಾನೇ! ಕಡಲಿಗೆ ನಾಚಿಕೆಯಾಗಬೇಕು. ಅದು ಮಾತ್ರ ತನ್ನ ಪಾಡಿಗೆ ಬಂದು ಹೋಗುತ್ತಿತ್ತು.

ಇಬ್ಬರಿಗೂ ಒಂದೇ ಒಂದು ವಿಷಯದಲ್ಲಿ ಒಮ್ಮತವಿತ್ತು. ನಾವು ಅಲ್ಲಿರಬಾರದು.

ನಾವೆಂದರೆ ನೀರ ಮೇಲಿನ ಜನ. ದೋಣಿಯಲ್ಲೇ ಹುಟ್ಟುತ್ತೇವೆ, ದೋಣಿಯಲ್ಲೇ ಮದುವೆ, ದೋಣಿಯಲ್ಲೇ ಸಾವು. ದಡದ ಚೀನೀಯರು ನಮ್ಮನ್ನು ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮಗೆ ಹೆಣ್ಣು ಕೊಡುವುದಿಲ್ಲ, ನಮ್ಮಿಂದ ತರುವುದಿಲ್ಲ. ನಾವು ಚಪ್ಪಲಿ ಮೆಟ್ಟಿ ಅವರ ಬೀದಿಯಲ್ಲಿ ನಡೆದರೆ ಕಲ್ಲು ಬೀಳುತ್ತದೆ. ಬಿಳಿಯ ದೊರೆಗಳು ಬಂದಾಗ ನಮ್ಮ ಅಜ್ಜಿಯಂದಿರು ಅಂದುಕೊಂಡರಂತೆ, ಇವರಿಗೆ ಜಾತಿ ತಿಳಿಯದು, ಇನ್ನಾದರೂ ಬದುಕಿದೆವು ಎಂದು. ಪಾಪ, ಮುದುಕಿಯರು. ದೊರೆಗಳು ಎಲ್ಲವನ್ನೂ ಬೇಗ ಕಲಿತರು.

ನಾನು ಕ್ವೋಕ್ ಸೂ. ಹಡಗಿನಿಂದ ದಡಕ್ಕೆ, ದಡದಿಂದ ಹಡಗಿಗೆ ಜನರನ್ನು ಸಾಗಿಸುತ್ತೇನೆ. ಚಾಪೆಯ ಮಾಡು ಹೊದ್ದ ನನ್ನ ಸಂಪಾನ್ ದೋಣಿಯೇ ನನ್ನ ಮನೆ. ಗಂಡನನ್ನು ಹೋದ ವರ್ಷದ ಬಿರುಗಾಳಿ ನುಂಗಿತು. ಈಗ ದೋಣಿಯಲ್ಲಿ ಅತ್ತೆ ಇದ್ದಾಳೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಆಡುವ ಮಗಳು ಹೋಯ್ ಇದ್ದಾಳೆ. ಬೆನ್ನಿಗೆ ಕಟ್ಟಿಕೊಂಡ ಹಾಲುಕುಡಿಯುವ ಮಗುವಿದೆ. ಹುಟ್ಟು ಹಾಕುವಾಗ ಅದರ ತಲೆ ನನ್ನ ಬೆನ್ನಿಗೆ ತಟ್ಟುತ್ತಾ ಇರುತ್ತದೆ. ಆ ತಟ್ಟುವಿಕೆಗೇ ಅದಕ್ಕೆ ನಿದ್ದೆ ಬರುತ್ತದೆ.

ಸದಾ ನೀರಿನಲ್ಲಿರುವ ಮರಕ್ಕೆ ಹುಳ ಬೀಳುತ್ತದೆ. ಹೊರಗಿನಿಂದ ನೋಡಿದರೆ ಹಲಗೆ ಗಟ್ಟಿ, ಒಳಗೆ ಜರಡಿ. ಅದಕ್ಕಾಗಿ ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಉಬ್ಬರದಲ್ಲಿ ದೋಣಿಯನ್ನು ಮರಳಿಗೆ ಏರಿಸಿ ನಿಲ್ಲಿಸುತ್ತೇವೆ. ನೀರು ಇಳಿದ ಮೇಲೆ ಅದರ ಹೊಟ್ಟೆಯ ಕೆಳಗೆ ಒಣಹುಲ್ಲು ಉರಿಸುತ್ತೇವೆ. ಹುಳ ಒಳಗೇ ಬೇಯುತ್ತದೆ. ಅಂಟಿದ ಚಿಪ್ಪು ಹೆರೆದು, ಎಣ್ಣೆಗೆ ಸುಣ್ಣ ಕಲಸಿ ಸಂದು ಮುಚ್ಚಿ, ಮುಂದಿನ ಉಬ್ಬರಕ್ಕೆ ತೇಲಿಸುತ್ತೇವೆ. ಇದಕ್ಕೆ ಇಳಿಜಾರಾದ ಮರಳು ಬೇಕು. ಕಲ್ಲಿನ ಗೋಡೆ ಹತ್ತಲು ದೋಣಿಗೇನು ಕಾಲಿದೆಯೇ? ಗೋಡೆ ಬೆಳೆಯುತ್ತಾ ಹೋದ ಹಾಗೆ ನಮ್ಮ ಮರಳೆಲ್ಲ ಅದರ ಹಿಂದೆ ಹೂತುಹೋಯಿತು. ಉಳಿದಿದ್ದು ಇಬ್ಬರು ಕಿತ್ತಾಡುತ್ತಿದ್ದ ಆ ಚೂರು ಒಂದೇ.

ಚಳಿಗಾಲವೆಲ್ಲ ನಮ್ಮನ್ನು ಅಲ್ಲಿಂದ ಅಟ್ಟಿದರು. ನನ್ನ ದೋಣಿಯ ತಳದ ಹಲಗೆಗೆ ಬೆರಳಿಟ್ಟು ಒತ್ತಿದರೆ ಹಸಿ ಹಿಟ್ಟಿನ ಹಾಗೆ ತಗ್ಗುತ್ತಿತ್ತು. ಅತ್ತೆ ಹಗಲೆಲ್ಲ ಕೂತು ನೀರು ಎತ್ತಿ ಚೆಲ್ಲುತ್ತಿದ್ದಳು. ದೂರದ ಕೊಲ್ಲಿಗಳಲ್ಲಿ ಮರಳು ಉಂಟು, ಆದರೆ ತೆರೆದ ಕಡಲು ದಾಟಿ ಅಲ್ಲಿಗೆ ಹೋಗುವಷ್ಟು ಆಯಸ್ಸು ಆ ಹಲಗೆಗೆ ಇರಲಿಲ್ಲ.

ಅಮಾವಾಸ್ಯೆಯ ಉಬ್ಬರಕ್ಕೆ ನಾನು ಧೈರ್ಯ ಮಾಡಿ ದೋಣಿ ಏರಿಸಿದೆ. ಪಕ್ಕದ ದೋಣಿಯ ಲಿನ್ ಅಕ್ಕ ಬಂದು ಹೆಗಲು ಕೊಟ್ಟಳು. ಲಿನ್ ಅಕ್ಕನ ಬಾಯಿ ದೊಡ್ಡದು, ಹೆಗಲು ಅದಕ್ಕಿಂತ ದೊಡ್ಡದು. ಹಗ್ಗ ಎಳೆದೆಳೆದು ಅಂಗೈ ಸಿಪ್ಪೆ ಎದ್ದಿತು. ನೀರು ಇಳಿಯಿತು. ಹುಲ್ಲು ಒಡ್ಡಿ ಬೆಂಕಿ ಹಚ್ಚಿದೆ. ಹೊಗೆ ಏಳುವುದೇ ತಡ, ಕಾಂಪೌಂಡಿನ ಸಣ್ಣ ಬಾಗಿಲು ತೆರೆಯಿತು. ಸೈನ್ಯದ ಯಜಮಾನ ಬಂದ, ಮೀಸೆ ಕ್ಯಾಪ್ಟನ್ ಅಂತಲೇ ನಾವು ಕರೆಯುವುದು. ಹಿಂದೆ ಬಕೆಟ್ಟು ಹಿಡಿದ ಸಿಪಾಯಿಗಳು. ಅವರ ಜೊತೆಗೆ ದುಭಾಷಿ ಯಿಪ್. ಯಿಪ್ ದಡದ ಚೀನೀಯ, ರೇಷ್ಮೆಯ ಟೋಪಿ, ಎಣ್ಣೆ ಹಚ್ಚಿದ ಜಡೆ. ಅವನು ಸೈನ್ಯಕ್ಕೂ ದುಭಾಷಿ, ಸರ್ಕಾರಕ್ಕೂ ದುಭಾಷಿ. ನಮ್ಮ ಹತ್ತಿರ ಬಂದಾಗ ಮೂಗಿಗೆ ಕರವಸ್ತ್ರ ಹಿಡಿಯುತ್ತಾನೆ, ದೊರೆಗಳ ಹತ್ತಿರ ಹೋದಾಗ ಅದರಲ್ಲೇ ಬಾಯಿ ಒರೆಸಿಕೊಳ್ಳುತ್ತಾನೆ.

"ಏಯ್, ಆರ್ಸೇ ಬೆಂಕಿನ!" ಅಂದ ಯಿಪ್. "ಇದು ಸೈನ್ಯದ ಜಾಗ. ಹೊಗೆ ಹೋಗಿ ಆಫೀಸರ್ ಹೆಂಗಸ್ರ ಪರದೆಗೆಲ್ಲ ಹಿಡೀತದಂತೆ."

"ಒಂದು ಇಳಿತ ಬಿಡಿ ಸ್ವಾಮಿ. ಹಲಗೆ ಹೋಗ್ಬಿಟ್ಟಿದೆ. ಕೂಸು ಕಟ್ಕೊಂಡಿದೀನಿ."

"ಆ ಕಡೆ ಎಳ್ಕೊಂಡು ಹೋಗು. ಅದು ಸರ್ಕಾರದ್ದು. ಅಲ್ಲಿ ಏನಾದ್ರೂ ಮಾಡ್ಕೊ."

ಬಕೆಟ್ಟಿನ ನೀರು ಹುಲ್ಲಿನ ಮೇಲೆ ಬಿತ್ತು. ಅಡ್ಡಾಡಲು ಬರುವ ಆಫೀಸರ ಹೆಂಗಸರ ಪಾದಕ್ಕೆ ಬೂದಿ ಅಂಟುತ್ತದೆ, ಬಳಿಯಿರಿ ಎಂದು ಕ್ಯಾಪ್ಟನ್ ಬೆತ್ತದಲ್ಲಿ ತೋರಿಸಿದ. ಅತ್ತೆ ಮಂಡಿಯೂರಿ ಬಿಸಿಬೂದಿಯನ್ನು ಎರಡೂ ಕೈಯಲ್ಲಿ ಬಳಿದಳು. ನಾನು ಬಗ್ಗಿದರೆ ಯಿಪ್ ತಡೆದ. "ಮುದುಕಿ ಬಳೀಲಿ. ನೀನು ದೋಣಿ ಎಳಿ." ನಾನು ಹಗ್ಗ ಹಿಡಿದೆ.

ಒದ್ದೆ ಮರಳಿನಲ್ಲಿ ದೋಣಿಯನ್ನು ಆ ತುದಿಗೆ ಎಳೆದೆವು. ಲಿನ್ ಅಕ್ಕ ಮುಂದೆ, ನಾನು ಹಿಂದೆ, ಬೆನ್ನ ಮೇಲೆ ಕೂಸು ಕಿರುಚುತ್ತಾ. ಉಳಿದ ಹುಲ್ಲು ಒಡ್ಡುವಷ್ಟರಲ್ಲಿ ಸರ್ಕಾರದ ಗೋಡೆಯ ಮೇಲೆ ಛತ್ರಿ ಇಂಜಿನಿಯರ್ ಕಾಣಿಸಿಕೊಂಡ. ಮಳೆ ಬರಲಿ ಬಿಸಿಲು ಬರಲಿ, ಆ ಮನುಷ್ಯ ಕರಿ ಛತ್ರಿ ಬಿಚ್ಚಿಯೇ ಇರುತ್ತಾನೆ. ಅವನ ಪಕ್ಕದಲ್ಲಿ ಯಾರು? ಅದೇ ಯಿಪ್! ಸುತ್ತಿ ಬಂದು ಏದುಸಿರು ಬಿಡುತ್ತಿದ್ದ.

"ಏಯ್, ತೆಗೀರೇ ಅಲ್ಲಿಂದ! ಇದು ಸರ್ಕಾರದ ಜಾಗ."

"ನೀವೇ ತಾನೇ ಈಗ ಇಲ್ಲಿಗೆ ಎಳ್ಕೋ ಅಂದಿದ್ದು!" ಅಂದಳು ಲಿನ್ ಅಕ್ಕ.

"ಆಗ ಸೈನ್ಯದ ಕೆಲಸದಲ್ಲಿದ್ದೆ. ಈಗ ಸರ್ಕಾರದ ಕೆಲಸದಲ್ಲಿದೀನಿ" ಅಂದ. ಮುಖದಲ್ಲಿ ನಗು ಕೂಡ ಇಲ್ಲ.

ಇಂಜಿನಿಯರ್ ಗೋಡೆಯಿಂದಲೇ ಛತ್ರಿಯ ತುದಿಯಲ್ಲಿ ನನ್ನ ದೋಣಿ ತೋರಿಸಿ ಏನೋ ಹೇಳಿದ. ಯಿಪ್ ಅದನ್ನು ನಮಗೆ ಇಳಿಸಿದ. "ಹಳೇ ಮರ, ಹೆಂಗಿದ್ರೂ ಮುಳುಗತ್ತೆ, ಬಂದರಿನ ದಾರಿ ಬಿಟ್ಟು ಪಕ್ಕಕ್ಕೆ ಹೋಗಿ ಮುಳುಗಿ ಅಂತಾರೆ ಸಾಹೇಬ್ರು." ಅಷ್ಟರಲ್ಲಿ ನೀರು ವಾಪಸು ಬಂತು. ಸುಡದ ದೋಣಿಯನ್ನು ಹಾಗೇ ತೇಲಿಸಿಕೊಂಡು ಹೊರಟೆವು. ಅತ್ತೆಯ ಅಂಗೈ ತುಂಬ ಬೊಬ್ಬೆ. ಆ ಕೈಯಲ್ಲೇ ನೀರು ಎತ್ತಿ ಚೆಲ್ಲತೊಡಗಿದಳು.

ಹುಣ್ಣಿಮೆ ಹತ್ತಿರ ಬಂತು. ಅದಕ್ಕೆ ಮುಂಚೆ ಯಿಪ್ ತಾನಾಗಿಯೇ ನಮ್ಮ ದೋಣಿಗಳ ಸಾಲಿಗೆ ಬಂದ. ಈ ಸಲ ಕರವಸ್ತ್ರ ಜೇಬಿನಲ್ಲಿತ್ತು. ಕೆಲಸ ಬಿದ್ದಿದೆ ಎಂದು ಆಗಲೇ ಗೊತ್ತಾಯಿತು.

ವಿಷಯ ಇಷ್ಟು. ಜಗಳ ತೀರಿಸಲು ಎರಡೂ ಕಡೆಯವರು ಕೂಡಿ ಆ ಮರಳನ್ನು ಅಳೆಯಬೇಕೆಂದು ಮೇಲಿನಿಂದ ಹುಕುಂ ಬಂದಿತ್ತು. ಆದರೆ ಅಲ್ಲಿಗೆ ಹೋಗುವುದು ಹೇಗೆ? ಬ್ಯಾರಕ್ಕಿನೊಳಗಿಂದ ಹೋಗೋಣವೆಂದರೆ, ಸರಪಳಿ ಹಿಡಿದ ಸರ್ಕಾರದವನಿಗೆ ಒಳಗೆ ಕಾಲಿಡಲು ಸೈನ್ಯ ಬಿಡದು. ಗೋಡೆಯ ಮೇಲಿಂದ ಹೋಗೋಣವೆಂದರೆ, ಹಸಿ ಗಾರೆಯ ಮೇಲೆ ಸೈನ್ಯದ ಬೂಟು ಬೀಳಲು ಸರ್ಕಾರ ಬಿಡದು. ಆದ್ದರಿಂದ ಇಬ್ಬರೂ ಕಡಲ ಮೇಲಿಂದ ಬರುವುದೆಂದು ತೀರ್ಮಾನವಾಯಿತು. ದೊರೆಗಳ ಉಗಿದೋಣಿ ದಡದವರೆಗೆ ಬರಲಾರದು, ಕೆಸರಿನಲ್ಲಿ ಕೂತುಬಿಡುತ್ತದೆ. ಅಲ್ಲಿಂದ ಈಚೆಗೆ ಸಂಪಾನ್ ಬೇಕು. ಸಂಪಾನಿನಿಂದ ಮರಳಿಗೆ ನಮ್ಮ ಬೆನ್ನು ಬೇಕು. ದೊರೆಗಳ ಬೂಟು ನೆನೆಯಬಾರದಲ್ಲ!

"ಹುಣ್ಣಿಮೆ ದಿನ, ದೊಡ್ಡ ಉಬ್ಬರದ ಹೊತ್ತಿಗೆ ಆ ಮರಳಿಗೆ ಬರ್ಬೇಕು" ಅಂದ ಯಿಪ್. "ಎಲ್ಲ ದೋಣಿನೂ ತೊಳ್ದಿರ್ಬೇಕು. ಕೂರೋಕೆ ಮೆತ್ತೆ ಇರ್ಬೇಕು. ಕೆಂಪು ಬಟ್ಟೆ ನಾವೇ ಕೊಡ್ತೀವಿ. ಬರೋಕಾಗಲ್ಲ ಅಂದೋರ ನಂಬರ್ ಹಲಗೆ ಕಿತ್ಕೋತಾರೆ, ನೋಡಿ."

ನಂಬರ್ ಹಲಗೆ ಇಲ್ಲದಿದ್ದರೆ ಬಂದರಿನಲ್ಲಿ ಜನ ಹತ್ತಿಸುವಂತಿಲ್ಲ. ನಾವು ತಲೆ ಅಲ್ಲಾಡಿಸಿದೆವು.

ಅವನು ಹೋದ ಮೇಲೆ ಲಿನ್ ಅಕ್ಕ ನನ್ನ ದೋಣಿಗೆ ದಾಟಿ ಬಂದಳು.

"ಸೂ, ಅವನು ಏನಂದ ಕೇಳಿಸ್ಕೊಂಡ್ಯಾ?" ಅಂದಳು. "ಹುಣ್ಣಿಮೆ ಉಬ್ಬರಕ್ಕೆ ಆ ಮರಳಿಗೆ ಬನ್ನಿ ಅಂತ ಅವ್ರೇ ಕರೀತಾವ್ರೆ."

"ದೊರೆಗಳ್ನ ಹೊರೋಕೆ ಅಕ್ಕ."

"ಹೊತ್ತಾಕೋಣ. ಹೊತ್ತು ಮರಳ ಮೇಲೆ ಇಳ್ಸೋಣ. ಆಮೇಲೆ? ನೀರು ಇಳೀತದೆ. ದೋಣಿ ಅಲ್ಲೇ ಕೂರ್ತದೆ. ಕೂತ ದೋಣಿಗೆ ಏನ್ ಮಾಡ್ತಾರೆ ನಮ್ಮ ಜನ?"

"ಹುಲ್ಲು ಕಂಡ್ರೆ ಬಿಡ್ತಾರಾ ಅವ್ರು?" ಅಂದೆ.

ಅತ್ತೆ ನೀರು ಚೆಲ್ಲುವುದು ನಿಲ್ಲಿಸಿದಳು. ಬೊಬ್ಬೆ ಒಡೆದ ಕೈಯನ್ನು ಅಂಗಿಯ ಅಂಚಿಗೆ ಒರೆಸಿಕೊಂಡಳು. "ಮೆತ್ತೆ ಕೇಳಿದ್ನಲ್ಲಮ್ಮ ಆ ಮಾರಾಯ" ಅಂದಳು.

ಹುಣ್ಣಿಮೆಯ ದಿನ ನೋಡಬೇಕಿತ್ತು ನಮ್ಮ ದೋಣಿಗಳ ಅಂದ. ಬೆಟ್ಟದ ಒಣಹುಲ್ಲನ್ನು ಹೊರೆಹೊರೆಯಾಗಿ ಹರಡಿ, ಮೇಲೆ ಕೆಂಪು ಬಟ್ಟೆ ಹೊದಿಸಿದ್ದೆವು. ಯಿಪ್ ಒತ್ತಿ ನೋಡಿ "ಭೇಷ್, ಮೆತ್ತಗಿದೆ" ಅಂದ. ಮೀಸೆ ಕ್ಯಾಪ್ಟನ್ ಉಗಿದೋಣಿಯಿಂದ ಇಳಿದು ನನ್ನ ದೋಣಿಯಲ್ಲಿ ಕೂತ. ಛತ್ರಿ ಇಂಜಿನಿಯರ್ ಲಿನ್ ಅಕ್ಕನ ದೋಣಿಯಲ್ಲಿ ಕೂತ. ಉಳಿದ ದೋಣಿಗಳಲ್ಲಿ ಅವರವರ ಗುಮಾಸ್ತರು, ಸರಪಳಿಯವರು. ನಮ್ಮ ಹುಳ ಸುಡುವ ಹುಲ್ಲಿನ ಮೇಲೆ ಇಡೀ ರಾಜ್ಯಭಾರ ಅಂಡೂರಿ ಕೂತಿತ್ತು. ಕ್ಯಾಪ್ಟನ್ನನ ಬೂಟಿನ ಹತ್ತಿರ ತಳದ ಹಲಗೆಯಿಂದ ನೀರು ಜಿನುಗುತ್ತಿತ್ತು. ಅವನು ಬೂಟು ಪಕ್ಕಕ್ಕೆ ಸರಿಸಿಕೊಂಡ, ಅಷ್ಟೇ.

ಉಬ್ಬರ ತುಂಬಿದ ಹೊತ್ತಿಗೆ ದೋಣಿಗಳ ಮೂತಿಯನ್ನು ಮರಳಿಗೆ ತಾಗಿಸಿದೆವು. ಇನ್ನು ಮೊಣಕಾಲುದ್ದ ನೀರು ದಾಟಿಸಬೇಕು. ಯಾರು ಮೊದಲು ಇಳಿಯಬೇಕು ಎಂಬಲ್ಲಿ ಜಗಳ ಶುರುವಾಯಿತು. ಸರ್ಕಾರದವನು ಮೊದಲು ಇಳಿದರೆ ಮರಳು ಸರ್ಕಾರದ್ದೆಂದು ಒಪ್ಪಿದಂತೆ, ಸೈನ್ಯದವನು ಇಳಿದರೆ ಸೈನ್ಯದ್ದೆಂದು ಒಪ್ಪಿದಂತೆ. ದೋಣಿಯಲ್ಲೇ ಕೂತು ವಾದ ಮಾಡಿದರು. ಕೊನೆಗೆ ಇಬ್ಬರೂ ಒಂದೇ ಸಲ ಇಳಿಯುವುದೆಂದು ಆಯಿತು.

"ಏಯ್ ಸೂ, ಬೆನ್ನ ಮೇಲಿಂದ ಅದನ್ನ ಬಿಚ್ಚು" ಅಂದ ಯಿಪ್. "ದೊರೆ ಹತ್ಬೇಕು."

'ಅದು' ಎಂದರೆ ನನ್ನ ಕೂಸು. ಬಿಚ್ಚಿದೆ. ಅತ್ತೆಯ ಕೈಗೆ ಕೊಟ್ಟೆ. ಬೆನ್ನಿನ ಬಿಸುಪು ಬಿಟ್ಟೊಡನೆ ಅದು ಚೀರತೊಡಗಿತು. ಕೂಸಿನ ಜಾಗದಲ್ಲಿ ಕ್ಯಾಪ್ಟನ್ ಹತ್ತಿದ. ಎಂಥ ಭಾರ! ದನದ ಮಾಂಸ, ಚರ್ಮದ ಪಟ್ಟಿ, ಕತ್ತಿ, ಪದಕ, ಎಲ್ಲ ಸೇರಿ ನನ್ನ ಬೆನ್ನುಮೂಳೆಯ ಮೇಲೆ ಕೂತವು. ಕಾಲು ಕೆಸರಿನಲ್ಲಿ ಹೂತಿತು. ಅವನು ಬೀಳುತ್ತೇನೆಂದು ಹೆದರಿ ನನ್ನ ತುರುಬು ಹಿಡಿದುಕೊಂಡ. ಹಿಡಿದು ಲಗಾಮಿನ ಹಾಗೆ ಜಗ್ಗಿದ. ಬೂಟಿನ ಹಿಮ್ಮಡಿಯಲ್ಲಿ ಪಕ್ಕೆಗೆ ಎರಡು ಕೊಟ್ಟ, ಬೇಗ ನಡೆ ಎಂದು. ಪಕ್ಕದಲ್ಲಿ ಲಿನ್ ಅಕ್ಕನ ಮೇಲೆ ಇಂಜಿನಿಯರ್, ಛತ್ರಿ ಬಿಚ್ಚಿಕೊಂಡೇ. ಇಬ್ಬರೂ ಒಬ್ಬರಿಗಿಂತ ಒಬ್ಬರು ಮುಂದೆ ಹೋಗದಂತೆ ಕಣ್ಣಿಟ್ಟಿದ್ದರು. ನಾವಿಬ್ಬರು ಹೆಂಗಸರು ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದೆವು, ರಾಣಿಯ ಮಾನ ಉಳಿಸಲು.

ಕಾಂಪೌಂಡಿನ ಬುಡದಲ್ಲಿ ಮುಳುಗದೆ ಉಳಿದ ಮರಳಿನ ಮೇಲೆ ಇಳಿಸಿದೆವು. ಸರಪಳಿ ಬಿಚ್ಚಿದರು. ನೀರು ಇಳಿಯುವ ಮೊದಲು ಮುಗಿಸೋಣ ಎಂದು ಇಂಜಿನಿಯರ್ ಅವಸರ ಮಾಡಿದ. ಕ್ಯಾಪ್ಟನ್ನನಿಗೆ ಯಾವ ಅವಸರ? ನೀರು ಒಂದು ಗೇಣು ಇಳಿದರೆ ಸೈನ್ಯಕ್ಕೆ ಒಂದು ಗೇಣು ನೆಲ! ಅವನು ಸಿಗಾರು ಹಚ್ಚಿದ. ಭಾಷಣ ಮಾಡಿದ. ಸರಪಳಿಯ ಕೊಂಡಿ ಸರಿಯಿಲ್ಲ ಎಂದ. ಗೂಟ ಓರೆಯಾಗಿದೆ ಎಂದ. ಇಂಜಿನಿಯರ್ ಗೂಟ ನೆಟ್ಟರೆ ಅವನು ಕೀಳಿಸಿದ, ಅವನು ನೆಟ್ಟರೆ ಇವನು ಕೀಳಿಸಿದ. ಕತ್ತಿನ ನರ ಉಬ್ಬಿತು. ಛತ್ರಿ ಮಡಚಿತು, ಬಿಚ್ಚಿತು. ಯಿಪ್ ಎರಡೂ ಕಡೆಗೆ ತಲೆಯಾಡಿಸಿ ಕತ್ತು ಉಳುಕಿಸಿಕೊಂಡ.

ನೀರು ಇಳಿಯಿತು. ನಮ್ಮ ದೋಣಿಗಳು ಮರಳಿನ ಮೇಲೆ ಒರಗಿ ಕೂತವು. ನಾವು ಅವುಗಳ ಕೆಳಗೆ ಮರದ ತುಂಡು ಕೊಟ್ಟು ನಿಲ್ಲಿಸಿದೆವು. ಕೆಂಪು ಬಟ್ಟೆ ಮಡಿಸಿ ಇಟ್ಟೆವು, ಸರ್ಕಾರದ ಸೊತ್ತು ಹಾಳಾಗಬಾರದಲ್ಲ. ಮೆತ್ತೆ ಎಳೆದು ದೋಣಿಗಳ ಹೊಟ್ಟೆಯ ಕೆಳಗೆ ಒಡ್ಡಿದೆವು. ಹಚ್ಚಿದೆವು.

ಎಲ್ಲ ದೋಣಿಗಳೂ ಒಟ್ಟಿಗೆ! ಹೊಗೆ ಕಾಂಪೌಂಡು ದಾಟಿ ಆಫೀಸರ ಹೆಂಗಸರ ಪರದೆಗಳನ್ನು ಹುಡುಕಿಕೊಂಡು ಹೋಯಿತು. ಮರದೊಳಗೆ ಹುಳ ಸಿಡಿಯುವ ಸದ್ದು ಕೇಳಿ ನನ್ನ ಅತ್ತೆ ಕಣ್ಣು ಮುಚ್ಚಿಕೊಂಡಳು. ಅದಕ್ಕಿಂತ ಇಂಪಾದ ಸದ್ದು ನಾನು ಕೇಳಿಲ್ಲ.

ಆಗ ದೊರೆಗಳು ತಿರುಗಿ ನೋಡಿದರು.

"ಏನ್ರೇ ಇದು!" ಯಿಪ್ ಓಡಿಬಂದ. "ಆರ್ಸಿ! ದೊರೆಗಳು ವಾಪಸ್ ಹೋಗ್ಬೇಕು!"

"ಯಾವ್ದರಲ್ಲಿ ಸ್ವಾಮಿ?" ಅಂದಳು ಲಿನ್ ಅಕ್ಕ. "ದೋಣಿ ಒಲೆ ಮೇಲಿದೆ. ಮುಂದಿನ ಉಬ್ಬರಕ್ಕೆ ಇಳಿಸ್ತೀವಿ. ಅಲ್ಲೀವರೆಗೆ ಕೂತಿರಿ, ಗಂಜಿ ಕಾಸಿ ಕೊಡ್ತೀವಿ."

ಕ್ಯಾಪ್ಟನ್ ಕಾಂಪೌಂಡಿನ ಬಾಗಿಲಿಗೆ ಹೋಗಿ ಗುದ್ದಿದ. ಗೋಡೆಯ ಮೇಲಿನ ಕಾವಲು ಸಿಪಾಯಿ ಸೆಲ್ಯೂಟ್ ಹೊಡೆದ, ಬಾಗಿಲು ಮಾತ್ರ ತೆರೆಯಲಿಲ್ಲ. ಸರ್ಕಾರದವರು ಮರಳಿನ ಮೇಲಿರುವ ತನಕ ಯಾರೇ ಬಂದು ಬಡಿದರೂ ಬಾಗಿಲು ತೆಗೆಯಕೂಡದೆಂದು ಬೆಳಿಗ್ಗೆ ಹುಕುಂ ಆಗಿತ್ತಂತೆ. ಕೊಟ್ಟವರು ಯಾರು? ಇದೇ ಕ್ಯಾಪ್ಟನ್. ಇಂಜಿನಿಯರ್ ಛತ್ರಿಯ ಕೆಳಗೆ ನಗುತ್ತಾ ನಿಂತಿದ್ದ. ಅವನೆದುರು ತನ್ನ ಹುಕುಂ ತಾನೇ ಮುರಿಯಲು ಕ್ಯಾಪ್ಟನ್ನನಿಗೆ ಮೀಸೆ ಅಡ್ಡ ಬಂತು. ಇಂಜಿನಿಯರನ ನಗುವೂ ಹೆಚ್ಚು ಹೊತ್ತು ಉಳಿಯಲಿಲ್ಲ. ಅವನ ಗೋಡೆಗೆ ಈ ಬದಿಯಲ್ಲಿ ಮೆಟ್ಟಿಲಿರಲಿಲ್ಲ. ಸೈನ್ಯದವರು ಹತ್ತಿಬಿಟ್ಟಾರೆಂದು ಅವನೇ ಇಡಿಸಿರಲಿಲ್ಲ.

ದೂರದಲ್ಲಿ ಉಗಿದೋಣಿ ಕಾಯುತ್ತಿತ್ತು. ಅಲ್ಲಿಯವರೆಗೆ ಬರೀ ಕೆಸರು. ಇಳಿತದ ಕೆಸರು, ಕಪ್ಪಗೆ, ಊರಿನ ಚರಂಡಿಯೆಲ್ಲ ಸೇರಿದ್ದು. ನಾವು ದಿನಾ ತುಳಿಯುವುದು ಅದನ್ನೇ.

ಯಿಪ್ ನನ್ನ ಹತ್ತಿರ ಬಂದ. ಕ್ಯಾಪ್ಟನ್ ಬೆತ್ತದಿಂದ ನನ್ನ ಬೆನ್ನು ತೋರಿಸುತ್ತಿದ್ದ. ಅಷ್ಟರಲ್ಲಿ ಕೂಸನ್ನು ಮತ್ತೆ ಕಟ್ಟಿಕೊಂಡಿದ್ದೆ. ಅತ್ತು ಅತ್ತು ಸುಸ್ತಾಗಿ ಆಗತಾನೇ ನಿದ್ದೆ ಹೋಗಿತ್ತು.

"ಬಿಚ್ಚು ಮಗೂನ. ಉಗಿದೋಣಿತನಕ ಹೊತ್ಕೊಂಡು ಹೋಗು."

"ಇಲ್ಲ" ಅಂದೆ.

"ಏನಂದೆ?"

"ಇಲ್ಲ. ಈ ಬೆನ್ನು ನನ್ ಕೂಸಿಂದು. ನಿದ್ದೆ ಮಾಡ್ತಾ ಇದೆ."

"ನಂಬರ್ ಹಲಗೆ ಹೋಗುತ್ತೆ ನೋಡು!"

"ಹೋಗ್ಲಿ."

ನಾನೇನು ಶೂರಳಲ್ಲ. ಹಲಗೆ ಹೋದರೆ ನಾಳೆ ಗಂಜಿಗೆ ಗತಿಯಿಲ್ಲವೆಂದು ಗೊತ್ತಿತ್ತು. ಆದರೆ ತುರುಬಿನ ಬುಡ ಇನ್ನೂ ಉರಿಯುತ್ತಿತ್ತು. ಯಿಪ್ ಬೇರೆ ಹೆಂಗಸರ ಕಡೆ ತಿರುಗಿದ. ಒಬ್ಬಳು ಚಿಪ್ಪು ಹೆರೆಯುತ್ತಿದ್ದಳು, ಒಬ್ಬಳು ಬೆಂಕಿ ಕೆದಕುತ್ತಿದ್ದಳು, ಒಬ್ಬಳು ಎಣ್ಣೆಗೆ ಸುಣ್ಣ ಕುಟ್ಟುತ್ತಿದ್ದಳು. ಯಾರೂ ತಲೆ ಎತ್ತಲಿಲ್ಲ.

ಕ್ಯಾಪ್ಟನ್ ಬೆತ್ತ ಎತ್ತಿದ. ಲಿನ್ ಅಕ್ಕ ಉರಿಯುವ ಹುಲ್ಲಿನ ಕವಲುಕೋಲು ಹಿಡಿದು ನಿಂತಿದ್ದಳು. ಏನೂ ಮಾಡಲಿಲ್ಲ, ಸುಮ್ಮನೆ ಹಿಡಿದು ನಿಂತಿದ್ದಳು. ಬೆತ್ತ ಇಳಿಯಿತು.

ಆಮೇಲೆ ಆ ಮೆರವಣಿಗೆ ಹೊರಟಿತು. ಮೊದಲು ಇಳಿಯುವವರು ಯಾರು ಎಂಬ ವಾದ ಈಗ ಬರಲಿಲ್ಲ. ಇಬ್ಬರೂ ಮುಂದಕ್ಕೆ ಕಾಲಿಟ್ಟರು, ಇಬ್ಬರೂ ಹೂತರು. ಕ್ಯಾಪ್ಟನ್ನನ ಒಂದು ಬೂಟು ಕೆಸರಿನೊಳಗೇ ಉಳಿಯಿತು. ಅದನ್ನು ಕೀಳಲು ಬಗ್ಗಿ ಕೈಯೂರಿದ, ಕೈಯೂ ಹೋಯಿತು. ಇಂಜಿನಿಯರ್ ಛತ್ರಿಯನ್ನು ಊರುಗೋಲು ಮಾಡಿಕೊಂಡ, ಛತ್ರಿ ಗಬಕ್ಕನೆ ಇಳಿದುಹೋಯಿತು. ಬೀಳುವ ಭಯಕ್ಕೆ ಒಬ್ಬರ ತೋಳನ್ನು ಒಬ್ಬರು ತಬ್ಬಿದರು. ಸೊಂಟದವರೆಗೆ ಒಂದೇ ಬಣ್ಣ. ಯಾವುದು ಸೈನ್ಯ, ಯಾವುದು ಸರ್ಕಾರ, ತಿಳಿಯುತ್ತಿರಲಿಲ್ಲ. ಯಿಪ್ ರೇಷ್ಮೆಯ ಟೋಪಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ನಾಲ್ಕು ಕಾಲಲ್ಲಿ ಹೋದ. ಕಾವಲು ಸಿಪಾಯಿ ಗೋಡೆಯ ಮೇಲೆ ಮುಖ ಆಚೆ ತಿರುಗಿಸಿಕೊಂಡಿದ್ದ, ಭುಜ ಮಾತ್ರ ಕುಲುಕುತ್ತಿತ್ತು. ನಮ್ಮ ಹೆಂಗಸರು ಬಿದ್ದು ಬಿದ್ದು ನಕ್ಕರು. ನನ್ನ ಅತ್ತೆ ನಗುವುದನ್ನು ಮಗ ಸತ್ತ ಮೇಲೆ ಅವತ್ತೇ ನೋಡಿದ್ದು.

ಉಬ್ಬರ ಬಂದಾಗ ದೋಣಿ ತೇಲಿಸಿದೆವು. ತಳದ ಹಲಗೆಗೆ ಕೈಯಿಟ್ಟೆ. ಒಣಗಿತ್ತು.

ಮಾರನೆಯ ದಿನ ಪೊಲೀಸರು ಬಂದು ನನ್ನ ನಂಬರ್ ಹಲಗೆ ಕಿತ್ತುಕೊಂಡು ಹೋದರು. ಅದು ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಇನ್ನೊಂದು. ಎಷ್ಟೋ ವರ್ಷದಿಂದ ಕಚ್ಚಾಡುತ್ತಿದ್ದ ಗಂಡಸರು ಆ ಕೆಸರಿನಲ್ಲಿ ತಬ್ಬಿಕೊಂಡವರು ಬಿಡಲೇ ಇಲ್ಲ. ಒಂದೇ ವಾರದಲ್ಲಿ ರಾಜಿ. ಆ ಮರಳನ್ನು ಕಲ್ಲು ತುಂಬಿ ಮುಚ್ಚಿಬಿಡುವುದು. ಅರ್ಧ ರಸ್ತೆ ಸರ್ಕಾರಕ್ಕೆ, ಅರ್ಧ ಕವಾಯತು ಮೈದಾನ ಸೈನ್ಯಕ್ಕೆ. ತೋಪಿಗೆ ಕಡಲು ಕಾಣಬೇಕೆಂಬ ಮಾತು ಯಾರ ಬಾಯಲ್ಲೂ ಇಲ್ಲ. ಶತ್ರು ಯಾರೆಂದು ಇಬ್ಬರಿಗೂ ಗೊತ್ತಾಗಿತ್ತಲ್ಲ. ಕೂಸು ಕಟ್ಟಿಕೊಂಡ ಹೆಂಗಸರು.

ಕಲ್ಲು ಗಣಿಯಿಂದ ಇಲ್ಲಿಗೆ ಬರಬೇಕು. ತರುವವರು ಯಾರು? ಕಲ್ಲುದೋಣಿಗಳೂ ನಮ್ಮ ಜನರವೇ. ಇಡೀ ಗೋಡೆಗೆ ಕಲ್ಲು ಸಾಗಿಸಿದವರು ನಾವೇ. ನಮ್ಮ ಮರಳನ್ನು ಹೂಳಲು ನಾವೇ ಕೂಲಿ ಮಾಡಿದ್ದೇವೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಈ ಸಲ ಗುತ್ತಿಗೆದಾರ ಹೇಳಿ ಕಳಿಸಿದ. ಕಲ್ಲುದೋಣಿಗಳ ಗಂಡಸರು ಮೊದಲು ಹೊಗೆಸೊಪ್ಪು ಸೇದುತ್ತಾ ಹೋಗುವುದೋ ಬೇಡವೋ ಎಂದು ಲೆಕ್ಕ ಹಾಕಿದರು. ಅವರ ದೋಣಿಗಳಿಗೂ ಹುಳ ಬೀಳುತ್ತದೆ, ಅವರಿಗೂ ಇರುವುದು ಅದೊಂದೇ ಮರಳು. ಲಿನ್ ಅಕ್ಕ ದೋಣಿಯಿಂದ ದೋಣಿಗೆ ಹಾರಿ ಅವರ ಹೆಂಡಂದಿರಿಗೆ ಏನು ಹೇಳಿದಳೋ, ನಾನಿಲ್ಲಿ ಹೇಳುವ ಹಾಗಿಲ್ಲ. ಒಂದು ಕಲ್ಲುದೋಣಿಯೂ ಹೊರಡಲಿಲ್ಲ. ಬಂದರಿನ ಆ ಮೂಲೆಯಲ್ಲಿ ಕೆಲಸ ನಿಂತಿತು. ನಮ್ಮ ಒಲೆಗಳೂ ನಿಂತವು. ಗೆಣಸು ಬೇಯಿಸಿ ಹಂಚಿಕೊಂಡೆವು. ಆಮೇಲೆ ಅದೂ ತೆಳ್ಳಗಾಯಿತು. ಹೋಯ್ ಹಸಿವೆಂದು ಹಗ್ಗ ಜಗಿಯುತ್ತಿದ್ದಳು.

ಆಗ ಯಿಪ್ ಬಂದ. ಕೈಯಲ್ಲಿ ನನ್ನ ನಂಬರ್ ಹಲಗೆ.

"ಏನಮ್ಮ ಸೂ" ಅಂದ. 'ಏಯ್' ಹೋಗಿ 'ಅಮ್ಮ' ಬಂದಿತ್ತು! "ಹಠ ಸಾಕು. ನೀನೊಬ್ಳು ಮೊದ್ಲು ಕಲ್ಲು ತಂದು ಹಾಕಿದ್ರೆ ಮಿಕ್ಕೋರೂ ಬರ್ತಾರೆ ಅಂತ ಸಾಹೇಬ್ರಿಗೆ ಹೇಳಿದೀನಿ. ಹಲಗೆ ಇಲ್ಲೇ ಇದೆ. ಇವತ್ತೇ ಮೊಳೆ ಹೊಡ್ಕೋ. ಮಕ್ಕಳ ಮುಖ ನೋಡು."

ನೋಡಿದೆ. ಹೋಯ್‌ಳ ಮುಖ ನೋಡಿದೆ. ಕೈ ತಾನಾಗಿಯೇ ಹಲಗೆಯ ಕಡೆಗೆ ಹೋಯಿತು, ಸುಳ್ಳು ಹೇಳುವುದಿಲ್ಲ. ಅಕ್ಕಪಕ್ಕದ ದೋಣಿಗಳಲ್ಲಿ ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು.

"ಒಂದೇ ಕಲ್ಲಮ್ಮ" ಅಂದ ಯಿಪ್. "ಒಂದೇ ಒಂದು."

"ಸ್ವಾಮಿ" ಅಂದೆ, "ಆ ಹಲಗೆ ತಗೊಂಡೋಗಿ ನಿಮ್ಮ ದೊರೆಗಳ ಕೊರಳಿಗೇ ಹಾಕಿ. ಈಗ ಇಬ್ರೂ ಒಂದಾಗಿದ್ದಾರಲ್ಲ. ಒಬ್ರು ಕಲ್ಲು ಎತ್ಲಿ, ಇನ್ನೊಬ್ರು ಹಾಕ್ಲಿ. ನೀವು ನಡುವೆ ನಿಂತ್ಕೊಂಡು, ಯಾರು ಏನಂದ್ರು ಅಂತ ಕಲ್ಲಿಗೆ ಹೇಳಿ."

ಲಿನ್ ಅಕ್ಕನ ದೋಣಿಯಿಂದ ಮೊದಲ ನಗು ಬಂತು. ಆಮೇಲೆ ಕಲ್ಲುದೋಣಿಗಳಿಂದ ಬಂತು. ಹೊಟ್ಟೆ ಖಾಲಿಯಿದ್ದಾಗ ನಗು ಜೋರಾಗಿ ಕೇಳುತ್ತದೆ. ಯಿಪ್ ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು, ಮೂಗಿಗೆ ಕರವಸ್ತ್ರ ಹಿಡಿದು ಹೊರಟುಹೋದ.

ನಾಳೆ ಅಮಾವಾಸ್ಯೆ. ಆವತ್ತಿನ ಗಡಿಬಿಡಿಯಲ್ಲಿ ಲಿನ್ ಅಕ್ಕನ ದೋಣಿಗೆ ಬೆಂಕಿ ಸರಿಯಾಗಿ ತಾಗಿರಲಿಲ್ಲ, ತಳ ಮೆತ್ತಗಾಗಿದೆ. ಬೆಳಿಗ್ಗೆ ಉಬ್ಬರಕ್ಕೆ ಅದನ್ನು ಆ ಮರಳಿಗೆ ಏರಿಸುತ್ತೇವೆ. ಸಿಪಾಯಿಗಳೂ ಬರುತ್ತಾರಂತೆ, ಪೊಲೀಸರೂ ಬರುತ್ತಾರಂತೆ. ಬರಲಿ. ಹಗ್ಗ ಎಳೆಯಲು ಹೊರಟವರಲ್ಲಿ ಈ ಸಲ ಕಲ್ಲುದೋಣಿಯ ಗಂಡಸರೂ ಇದ್ದಾರೆ.